ಹೊರಗೆ ನಿಂತ ಮಂತ್ರಿ

ಸಾಲ ಕೇಳಿದವನು ಹೊರಗೆ ನಿಲ್ಲಬೇಕು. ಅವನು ಎಂಥವನೆಂದು ನೆರೆಹೊರೆಯವರು ಒಳಗೆ ಬಾಯಿಬಿಟ್ಟು ಮಾತಾಡಬೇಕು. ಇಬ್ಬರು ಜಾಮೀನು ನಿಂತರಷ್ಟೇ ಹಣ. ವಿಲ್ಷಾಂಕಾ ಹಳ್ಳಿಯ ಸಹಕಾರ ಸಂಘಕ್ಕೆ ಈ ನಿಯಮ ಹಾಕಿಕೊಟ್ಟವನೇ ಒನಿಸಿಮ್ ಹೊರ್ಬಾನ್. ಈಗ ಅರವತ್ತರ ಹೊಸ್ತಿಲಲ್ಲಿ, ಒಂದು ಹಸು ಕೊಳ್ಳಲು ಸಾಲದ ಅರ್ಜಿ ಹಾಕಿ, ಟೋಪಿ ಕೈಯಲ್ಲಿ ಹಿಡಿದು, ಸಂಘದ ಮನೆಯೆದುರಿನ ಚೆರ್ರಿ ಮರದ ಕೆಳಗೆ ನಿಂತಿದ್ದ. ಮಾಡಿದ್ದುಣ್ಣೋ ಮಹಾರಾಯ ಅನ್ನುವುದು ಇದಕ್ಕೇ.

ಹಸು ಸಿಕ್ಕರೆ ಹುಟ್ಟಿದೂರಿನಲ್ಲೇ ಬದುಕು. ಇಲ್ಲದಿದ್ದರೆ ಕೀವ್‌ನಲ್ಲಿ ತಂಗಿಯ ಮನೆಯ ಒಂದು ಮೂಲೆ. ಅದಕ್ಕಿಂತಲೂ ಅವನನ್ನು ಕಾಡುತ್ತಿದ್ದದ್ದು ಬೇರೆ: ಊರು ತನ್ನನ್ನು ಇನ್ನೂ ನಂಬುತ್ತದೆಯೇ?

ಎಂಥ ದಿನಗಳಿದ್ದವು! ಸಂಘ ಶುರುವಾದಾಗ ಇದ್ದವರು ಹತ್ತೊಂಬತ್ತೇ ಮಂದಿ. ಬಡ್ಡಿ ಸಾಹುಕಾರನ ಕಣ್ಣುತಪ್ಪಿಸಿ ಕಮ್ಮಾರ ಯುಖಿಮನ ಮನೆಯ ಬಿಸಿ ಒಲೆಯ ಸುತ್ತ ಸೇರುತ್ತಿದ್ದರು. ಹೆಂಗಸರು ತಂದ ಆಲೂಗಡ್ಡೆ ಕಡುಬಿನ ಮೇಲೆ ಕರಿದ ಈರುಳ್ಳಿ ಘಮಘಮ ಅನ್ನುತ್ತಿತ್ತು. ಸಾಲ ಸಿಗದೆ ಹೊರಗೆ ಕಾದು ನಿಂತವನ ಬಳಿಗೆ ಒನಿಸಿಮ್ ಹಿಮ ತುಳಿದುಕೊಂಡು ತಾನೇ ಹೋಗುತ್ತಿದ್ದ. ಇಲ್ಲ ಅನ್ನುವುದನ್ನು ಮುಖ ನೋಡಿಯೇ ಹೇಳಬೇಕು ಎನ್ನುವುದು ಅವನ ಹಟ. ಅದೇ ಹಟ ಅವನನ್ನು ಕೀವ್‌ನ ದೊಡ್ಡ ಸಹಕಾರ ಬ್ಯಾಂಕಿಗೆ ಒಯ್ದಿತು, ಕ್ರಾಂತಿಯ ಗದ್ದಲದಲ್ಲಿ ಹುಟ್ಟಿದ ಅಲ್ಪಾಯುಷಿ ಸರಕಾರದಲ್ಲಿ ಹಣಕಾಸು ಮಂತ್ರಿಯ ಕುರ್ಚಿಯಲ್ಲೂ ಕೂರಿಸಿತು. ನೋಟಿನ ಮೇಲೆ ಅವನ ಸಹಿ ಬಂದಾಗ ಹಳ್ಳಿಗೆ ಹಳ್ಳಿಯೇ ಬೀಗಿತ್ತು. ಸರಕಾರ ಬಿತ್ತು, ನೋಟು ಬರೀ ಕಾಗದವಾಯಿತು.

ತೆರೆದ ಕಿಟಕಿಯಿಂದ ಯುಖಿಮನ ದನಿ ಕೇಳಿಸಿತು. "ಒಂದು ಜಾಮೀನು ನಂದು. ಇನ್ನೊಬ್ಬರು ಯಾರ್ರಪ್ಪಾ?"

ಕೊನೆಗೆ ಎದ್ದವಳು ನಾರು ಮಾರುವ ವಿಧವೆ ಮೆಲಾಷ್ಕಾ.

"ಹದಿನಾರು ವರ್ಷ ಹೊಟ್ಟೆಬಟ್ಟೆ ಕಟ್ಟಿ ಕೂಡಿಟ್ಟಿದ್ದೆ. ನಮ್ಮ ಒನಿಸಿಮಣ್ಣನ ಸಹಿ ಅಂತ ಎಲ್ಲಾನೂ ಅವನ ನೋಟಿಗೆ ಬದಲಾಯಿಸ್ಕೊಂಡೆ. ಈಗ ಪೆಟ್ಟಿಗೆ ಒಳಗೆ ಅಂಟಿಸಿದೀನಿ. ಇಲೀನೂ ಮೂಸಲ್ಲ ಅದನ್ನ!"

ಯಾರೋ ಕಿಸಕ್ಕನೆ ನಕ್ಕರು. ಒನಿಸಿಮನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವಳ ಮಾತಿನಲ್ಲಿ ಒಂದು ಸುಳ್ಳೂ ಇರಲಿಲ್ಲ. ಟೋಪಿ ಹಾಕಿಕೊಂಡು ಬೇಲಿಯ ಬಾಗಿಲಿನತ್ತ ನಡೆದ.

"ಎಲ್ಲಿಗೆ ಹೊರಟ್ರಿ ಮಂತ್ರಿಗಳೇ?" ಮೆಲಾಷ್ಕಾ ಕಿಟಕಿಯಿಂದ ಅರ್ಧ ಹೊರಗೆ ಬಾಗಿದ್ದಳು. "ಕೂಗಿ ಕರೆಯೋವರೆಗೂ ನಿಂತಿರಬೇಕು ಅಂತ ನೀನೇ ಅಲ್ವೇನೋ ಬರೆದಿಟ್ಟಿದ್ದು?"

"ಇನ್ನೇನು ಕೇಳೋದಿದೆ ಮೆಲಾಷ್ಕಾ? ನೀ ಹೇಳಿದ್ದೆಲ್ಲಾ ನಿಜ."

"ನಿಜಾನೇ. ಅರ್ಧ ಹೇಳಿದೀನಿ ಅಷ್ಟೇ." ಒಳಗೆ ತಿರುಗಿ ಕೂಗಿದಳು, "ಯುಖಿಮಣ್ಣಾ, ಎರಡನೇ ಜಾಮೀನು ನಂದು ಅಂತ ಬರ್ಕೋ!"

ಒನಿಸಿಮ್ ಟೋಪಿಯನ್ನು ಮತ್ತೆ ಕೈಗೆ ತೆಗೆದುಕೊಂಡ. "ಯಾಕೆ ತಾಯಿ?" ಎಂದು ಕೇಳಿದ.

"ಯಾಕೆ ಅಂದ್ರೆ? ನೀನು ಕೀವ್‌ಗೆ ಹೋಗ್ಬಿಟ್ರೆ ಉಳಿದರ್ಧ ಬೈಗುಳ ಯಾರಿಗೆ ಬೈಲೋ ನಾನು?"