ಕಲ್ಯಾಣಿಯ ಮೇಲೆ ಹಾರಿದ ಸೋದರತ್ತೆ

ಬಸವಕಲ್ಯಾಣಕ್ಕೆ ಆಗ ನಾವೆಲ್ಲ ಕಲ್ಯಾಣಿ ಅಂತಲೇ ಅನ್ನುತ್ತಿದ್ದೆವು. ನನ್ನ ಸೋದರತ್ತೆಯ ಮನೆ ಅಲ್ಲಿತ್ತು. ನಾನು ಹುಮನಾಬಾದಿನ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದೆ. ಎರಡನೇ ಮಹಾಯುದ್ಧ ಮುಗಿದ ಮರುವರ್ಷ ಮುಂಬೈಯಲ್ಲಿದ್ದ ಅತ್ತೆಯ ಮಗಳಿಗೆ ದಿನ ತುಂಬಿತು. ಅಳಿಯ ವಿಮಾನ ರಿಪೇರಿ ಕೆಲಸದವನು. ಹೈದರಾಬಾದಿನಿಂದ ಹಾರಿ ಬರಲಿ ಎಂದು ಅತ್ತೆಗೆ ಟಿಕೆಟು ಕಳಿಸಿಬಿಟ್ಟ.

ಅತ್ತೆಗೆ ಹೆದರಿಕೆಯೇನೂ ಇರಲಿಲ್ಲ. ಎಷ್ಟು ದೂರ, ಎಷ್ಟು ಹೊತ್ತು, ಅಷ್ಟು ಗೊತ್ತಾದರೆ ಸಾಕಿತ್ತು. ನಾನು ಶಾಲೆಯ ನಕಾಶೆ ಹಾಸಿ, ಹೈದರಾಬಾದಿನಿಂದ ಮುಂಬೈಗೆ ದಾರ ಎಳೆದು ಹಿಡಿದೆ. ನಾನೂರು ಮೈಲಿಗೆ ತುಸು ಕಡಿಮೆ. ವಿಮಾನಕ್ಕೆ ಎರಡೂವರೆ ತಾಸು. ದಾರ ಹುಮನಾಬಾದನ್ನು ದಾಟಿ ಸೀದಾ ಕಲ್ಯಾಣಿಯ ಮೇಲೆಯೇ ಹೋಗಿತ್ತು.

ಅತ್ತೆ ಬಗ್ಗಿ ನೋಡಿದಳು. "ಅಂದ್ರ ನಮ್ಮ ಮನಿ ಮ್ಯಾಲೇ ಹೋಗ್ತೇನಿ. ಮಾಳಗಿ ಮ್ಯಾಲ ಏನರ ಹಾಸಿಡು, ಗುರುತು ಸಿಗ್ಲಿ."

ಅತ್ತೆ ಹಾರುವ ದಿನ ರಜೆ ಹಾಕಿ ಕಲ್ಯಾಣಿಗೆ ಹೋದೆ. ಮಾಳಿಗೆಯ ಮೇಲೆ ಅವಳ ಕೆಂಪು ಕೌದಿ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟೆ. ಪಕ್ಕದ ಮನೆಯ ಸಾಹೇಬರು ಗಡಿಯಾರ ರಿಪೇರಿಯವರು. ಅವರೂ ಹತ್ತಿ ಬಂದರು. ವಿಮಾನ ಒಂಬತ್ತಕ್ಕೆ ಹೊರಟರೆ ಮುಕ್ಕಾಲು ತಾಸಿನಲ್ಲಿ ಇಲ್ಲಿರಬೇಕು ಎಂದು ನನ್ನ ಲೆಕ್ಕ. ಮುಕ್ಕಾಲು ತಾಸು ಕಳೆಯಿತು, ಹತ್ತು ಹೊಡೆಯಿತು, ಆಕಾಶ ಖಾಲಿ. ನಾನು ಸಾಹೇಬರ ಕೈಯ ಗಡಿಯಾರದತ್ತ ಅನುಮಾನದಿಂದ ನೋಡಿದೆ.

"ನನ್ನ ಘಡಿ ಬರೋಬ್ಬರಿ ಅದರಿ ಮಾಸ್ತರ. ನಿಮ್ಮ ದಾರಕ್ಕ ಗಾಳಿ ಬಡಿಯಂಗಿಲ್ಲ, ವಿಮಾನಕ್ಕ ಬಡೀತದ," ಅಂದರು.

ಹೌದಲ್ಲ, ಎದುರುಗಾಳಿಯನ್ನು ನಾನು ಮರೆತೇಬಿಟ್ಟಿದ್ದೆ. ನಾಚಿಕೆಯಾಗಿ ಸುತ್ತ ನೋಡಿದರೆ, ಓಣಿಯ ಎಲ್ಲ ಮಾಳಿಗೆಗಳ ಮೇಲೂ ಜನ. ಅತ್ತೆ ಹೊರಡುವ ಮುಂಚೆ ಯಾರಿಗೂ ಹೇಳದೆ ಬಿಟ್ಟಿರಲಿಲ್ಲ. ಒಬ್ಬರು ಸೀರೆ, ಒಬ್ಬರು ಜಮಖಾನ, ಒಬ್ಬರು ಮದುವೆಯ ಚಾಪೆ, ಕೈಗೆ ಸಿಕ್ಕಿದ್ದೆಲ್ಲ ಹಾಸಿದ್ದರು. ಅಷ್ಟರಲ್ಲಿ ಗುಂಯ್ ಸದ್ದು ಕೇಳಿತು. ಬೆಳ್ಳಗಿನ ವಿಮಾನ ಕೋಟೆಯ ಕಡೆಗೆ ಹಾದುಹೋಯಿತು. ಮುದುಕಿಯರು ಸಹ ಸೆರಗು ಬೀಸಿದರು. ನಾನೂ ಎರಡೂ ಕೈ ಎತ್ತಿ ಬೀಸಿದೆ. ಯಾಕೋ ಕಣ್ಣು ಒದ್ದೆಯಾಗಿದ್ದವು.

ವಾರದ ಮೇಲೆ ಅತ್ತೆ ಅಳಿಯನ ಕೈಯಲ್ಲಿ ಬರೆಸಿದ ಕಾಗದ ಬಂತು. ತಾನು ಮುಂಬೈ ಮುಟ್ಟಿದ ಸಂಜೆಯೇ ಹೆಣ್ಣು ಕೂಸು ಹುಟ್ಟಿತು, ತಾಯಿ ಮಗು ಆರಾಮ. ಕೆಳಗೆ: "ಊರಿಗೂರೇ ಹಾಸಿದ್ರಿ, ನಮ್ಮ ಮನಿ ಯಾವುದು ಅಂತ ತಿಳೀಲಿಲ್ಲ. ಒಂದು ಕೆಂಪಂದು ಮಾತ್ರ ಭಾಳ ಛಂದ ಕಾಣ್ತು."

ಅದನ್ನು ಓಣಿಯಲ್ಲಿ ಓದಿ ಹೇಳಿದೆ. ಸಾಹೇಬರು ಅದು ತಮ್ಮ ಜಮಖಾನವೇ ಎಂದು ಹಟ ಹಿಡಿದರು. ಎದುರುಮನೆಯವಳು ತನ್ನ ಇಳಕಲ್ ಸೀರೆ ಎಂದಳು. ನಾನು ಕಾಗದ ಮಡಚಿ, ಓಣಿಗೆಲ್ಲ ಸಕ್ಕರೆ ಹಂಚಲು ಹೊರಟೆ.