ಎಡಗಾಲಿನ ಹೊರ ಅಂಚು

ಬಯಲುಸೀಮೆಯ ಊರು ಹಾರ್ಗ್ರೆನ್‌ನಲ್ಲಿ ಹುಟ್ಟಿ ಐಸ್ ಹಾಕಿ ಆಡದೆ ಮುದುಕನಾದ ಗಂಡಸು ಎಂದರೆ ನೆಸ್ಟರ್ ಬಿಲಿಕ್ ಒಬ್ಬನೇ. ಓರಗೆಯ ಹುಡುಗರು ಹೆಪ್ಪುಗಟ್ಟಿದ ಕೆರೆಯ ಮೇಲೆ ಕೋಲು ಹಿಡಿದು ಓಡಾಡುವಾಗ ಇವನು ಅಪ್ಪನ ಹಸುಗಳ ಸೆಗಣಿ ಬಾಚುತ್ತಿದ್ದ. ಯುಕ್ರೇನಿನಿಂದ ಬಂದಿದ್ದ ಆ ಅಪ್ಪನಿಗೆ ಆಟವೆಂದರೆ ಹೊಟ್ಟೆ ತುಂಬಿದವರ ಚೇಷ್ಟೆ. ಆದರೆ ಹುಲ್ಲು ಕೊಯ್ಯುವ ಉದ್ದ ಕುಡುಗೋಲಿಗೆ ಸಾಣೆ ಹಿಡಿಯುವುದನ್ನು ಮಗನಿಗೆ ಅವನೇ ಕಲಿಸಿದ. ಅಂಚಿನ ಮೇಲೆ ಹೆಬ್ಬೆರಳಿನ ಉಗುರು ಎಳೆಯಬೇಕು, ಉಗುರು ಹೆರೆದು ಬಂದರೆ ಹದ, ಜಾರಿದರೆ ಮೊಂಡು ಎಂದು ತೋರಿಸಿಕೊಟ್ಟ. ಕೊನೆಗೆ ಕೈಹಿಡಿದದ್ದು ಆ ಉಗುರಿನ ವಿದ್ಯೆಯೇ. ಊರಿನ ಗೋಧಿ ಉಗ್ರಾಣ ಮುಚ್ಚಿ ಕೆಲಸ ಹೋದಾಗ ಐಸ್ ಹಾಕಿ ಆಡುವ ಮಂಜಿನ ಅಂಗಳದ, ಅಂದರೆ ರಿಂಕಿನವರು ಕರೆದು ಸಾಣೆಯಂತ್ರದ ಮುಂದೆ ನಿಲ್ಲಿಸಿದರು. ಮೂವತ್ತೆಂಟು ಚಳಿಗಾಲವಾಯಿತು, ಇನ್ನೂ ಅಲ್ಲೇ ನಿಂತಿದ್ದಾನೆ.

ರಿಂಕಿನ ಬಾಗಿಲು ದಾಟಿದ ಕೂಡಲೇ ಬಲಕ್ಕೆ ಅವನ ಕೋಣೆ. ಅದಕ್ಕೊಂದು ಕಿಟಕಿ, ಕಿಟಕಿಗೊಂದು ಹಲಗೆ. ಮಕ್ಕಳು ಹಲಗೆಯ ಮೇಲೆ ಅಲಗು ಕೂರಿಸಿದ ಬೂಟು, ಅಂದರೆ ಸ್ಕೇಟ್ಸ್ ಇಡುತ್ತಾರೆ, ಇವನು ಸಾಣೆ ಹಿಡಿದು ಹಿಂದಕ್ಕೆ ತಳ್ಳುತ್ತಾನೆ. ನಲವತ್ತಕ್ಕೇ ತಲೆ ಬೆಳ್ಳಗಾಗಿದ್ದರಿಂದ ಅಂದಿನಿಂದಲೂ ಊರಿನ ಮಕ್ಕಳಿಗೆಲ್ಲ ಅವನು ಗೀದೋ, ಅಂದರೆ ತಾತ. ಒಂದು ದಿನವೂ ಮಂಜಿನ ಮೇಲೆ ಕಾಲಿಡದ ಈ ಗೀದೋಗೆ ಯಾವ ಹುಡುಗ ಹೇಗೆ ಆಡುತ್ತಾನೆಂದು ಗೊತ್ತಿದ್ದಷ್ಟು ಕೋಚುಗಳಿಗೂ ಗೊತ್ತಿರಲಿಲ್ಲ.

ಅದರಲ್ಲಿ ಮಾಟಮಂತ್ರವೇನಿಲ್ಲ. ಸ್ಕೇಟಿನ ಅಲಗಿಗೆ ನಡುವೆ ಒಂದು ಸಣ್ಣ ತಗ್ಗು, ಆಚೀಚೆ ಎರಡು ಅಂಚು, ಒಂದು ಒಳಗಿನದು, ಒಂದು ಹೊರಗಿನದು. ಎಡಕ್ಕೆ ತಿರುಗುವಾಗ ಎಡಗಾಲಿನ ಹೊರ ಅಂಚಿನ ಮೇಲೆ ಮೈಭಾರ ಬೀಳಬೇಕು. ಬಿದ್ದಷ್ಟೂ ಅದು ಸವೆಯುತ್ತದೆ. ಹುಡುಗ ಯಾವ ಅಂಚನ್ನು ನಂಬುತ್ತಾನೆ, ಯಾವುದಕ್ಕೆ ಹೆದರುತ್ತಾನೆ ಎಂಬುದನ್ನು ಸಾಣೆಗೆ ಮುಂಚೆ ನೆಸ್ಟರನ ಉಗುರು ಓದಿಕೊಂಡುಬಿಡುತ್ತಿತ್ತು. ಓದಿದ್ದನ್ನು ಅವನು ಯಾರಿಗೂ ಹೇಳುತ್ತಿರಲಿಲ್ಲ. ಯಾರೂ ಕೇಳುತ್ತಲೂ ಇರಲಿಲ್ಲ, ಸಾಣೆ ಹಿಡಿಯುವವನನ್ನು ಕೇಳಲು ಅವನೇನು ಜೋಯಿಸನೇ?

ಇಪ್ಪತ್ತೆಂಟು ವರ್ಷದ ಕೆಳಗೆ ಡಾರ್ಸಿ ವೀಬ್ ಎಂಬ ಹುಡುಗ ಬಂದ. ಹದಿನಾರಕ್ಕೇ ಆರಡಿ ಎರಡಂಗುಲ, ಮುಖದ ತುಂಬ ನಗು. ಸುತ್ತಲ ಐದು ಊರುಗಳಲ್ಲಿ ಅವನನ್ನು ತಡೆಯುವವರಿರಲಿಲ್ಲ. ಪತ್ರಿಕೆಯವರು ಬಂದರು, ದೂರದ ನಗರಗಳಿಂದ ಆಟಗಾರರನ್ನು ಹುಡುಕುವವರು ಬಂದರು. ಪಾದ್ರಿ ಭಾನುವಾರದ ಪ್ರಾರ್ಥನೆಯಲ್ಲಿ ಮಳೆಯ ನಂತರ ಡಾರ್ಸಿಯ ಹೆಸರನ್ನೂ ಸೇರಿಸಿದರು. ಅವನ ಎಡ ಸ್ಕೇಟಿನ ಹೊರ ಅಂಚು ಮಾತ್ರ ಪ್ರತಿ ವಾರವೂ ನೆಸ್ಟರನ ಕೈಯಿಂದ ಹೋದಷ್ಟೇ ಹರಿತವಾಗಿ ಮರಳುತ್ತಿತ್ತು. ಹುಡುಗ ಎಡಕ್ಕೆ ತಿರುಗುತ್ತಲೇ ಇರಲಿಲ್ಲ. ದೊಡ್ಡ ಮೈ, ಉದ್ದ ಕೈ, ಸಣ್ಣ ರಿಂಕು, ಹಾಗಾಗಿ ಸಾಗಿಹೋಗುತ್ತಿತ್ತು. ಅವನಷ್ಟೇ ದೊಡ್ಡವರು ಅವನಿಗಿಂತ ಬೇಗ ಓಡುವ ಕಡೆ ಇದು ಸಾಗದೆಂದು ನೆಸ್ಟರನಿಗೆ ಗೊತ್ತಿತ್ತು. ಹೆಂಡತಿ ಸ್ಟೆಲ್ಲಾಗೆ ಹೇಳಿದ. ಹುಡುಗನ ವರ್ಷ ಹಾಳುಮಾಡಬೇಡ, ಊರು ನಗುತ್ತಿರುವಾಗ ನಿನ್ನದೊಂದು ಅಪಶಕುನ ಬೇಡ ಎಂದಳು ಅವಳು. ಈ ಬಯಲುಸೀಮೆಯಲ್ಲಿ ಅದೇ ಮರ್ಯಾದೆ. ಪಕ್ಕದವನ ಮನೆಗೆ ಬೆಂಕಿ ಬಿದ್ದರೆ ಓಡಿಹೋಗಿ ನೀರು ಹೊಯ್ಯುತ್ತೇವೆ, ಅವನು ತಪ್ಪು ದಾರಿಯಲ್ಲಿ ಹೊರಟರೆ ಮಾತ್ರ ಹವಾಮಾನದ ಮಾತಾಡಿ ಕಳಿಸಿಕೊಡುತ್ತೇವೆ. ನೆಸ್ಟರ್ ಬಾಯಿಗೆ ಬೀಗ ಹಾಕಿಕೊಂಡ.

ಹದಿನೆಂಟಕ್ಕೆ ದೊಡ್ಡ ತಂಡವೊಂದು ಡಾರ್ಸಿಯನ್ನು ಆರಿಸಿಕೊಂಡಿತು. ಊರವರು ಬೆಂಕಿ ಆರಿಸುವ ಲಾರಿಯ ಮೇಲೆ ಕೂರಿಸಿ ಮೆರವಣಿಗೆ ಮಾಡಿದರು. ನಾಲ್ಕು ವರ್ಷದಲ್ಲಿ ಅವನು ಮೂರು ಸಣ್ಣ ತಂಡ, ಏಳು ಬಾಡಿಗೆ ಕೋಣೆ ನೋಡಿ ಮನೆಗೆ ಬಂದ. ಯಾರೂ ಒಂದು ಮಾತು ಕೇಳಲಿಲ್ಲ, ಅದೂ ಮರ್ಯಾದೆಯೇ. ಅವನು ಗೋಧಿ ಲಾರಿ ಓಡಿಸಿಕೊಂಡಿದ್ದ. ರಿಂಕಿನ ಮೂಲೆಯ ಕಾಫಿ ಮೇಜಿನಲ್ಲಿ ದಿನಾ ಕೂರುವ ಮುದುಕರು ಅವನು ಒಳಗೆ ಬಂದರೆ ಹಾಕಿಯ ಮಾತು ನಿಲ್ಲಿಸಿ ಗೊಬ್ಬರದ ಮಾತು ತೆಗೆಯುತ್ತಿದ್ದರು. ಅಟ್ಟ ಹತ್ತಿಸಿ ಏಣಿ ತೆಗೆದವರೆಲ್ಲ ಎಷ್ಟು ಸೌಜನ್ಯದಿಂದ ತೆಗೆದರೆಂದರೆ, ತೆಗೆದ ಸದ್ದೂ ಕೇಳಿಸಲಿಲ್ಲ.

ಒಂದು ನವೆಂಬರಿನಲ್ಲಿ ಡಾರ್ಸಿ ಹಳೆಯ ಸ್ಕೇಟ್ಸ್ ತಂದು ಹಲಗೆಯ ಮೇಲಿಟ್ಟ. ನೆಸ್ಟರ್ ಉಗುರು ಎಳೆದ. ಅದೇ ಕಥೆ. ಸಾಣೆ ಹಿಡಿದು ಕೊಟ್ಟ ಮೇಲೂ ಡಾರ್ಸಿ ಕಿಟಕಿ ಬಿಟ್ಟು ಕದಲಲಿಲ್ಲ.

"ಅಂಚು ಹೇಗಿದೆ, ಗೀದೋ?" ಅಂದ.

"ಚೆನ್ನಾಗಿದೆ ಕಣೋ. ಏನೂ ತೊಂದ್ರೆ ಇಲ್ಲ. ಹೋಗಿ ಆಡು."

ಮಾರನೆಯ ದಿನ ಡಾರ್ಸಿ ಊರಾಚೆಯ ಕೆರೆಯ ಮೇಲೆ ಒಬ್ಬನೇ ಸ್ಕೇಟ್ ಮಾಡಲು ಹೋದ. ಮಂಜು ಇನ್ನೂ ಎರಡಂಗುಲವೂ ಕಟ್ಟಿರಲಿಲ್ಲ. ಈ ಊರಿನಲ್ಲಿ ಬೆಳೆದ ಆರು ವರ್ಷದ ಮಗುವಿಗೂ ಅದು ಆಳಿನ ಭಾರ ತಡೆಯದೆಂದು ಗೊತ್ತಿರುತ್ತದೆ. ಮಂಜು ಒಡೆದು ಅವನು ನೀರುಪಾಲಾದ. ಪೊಲೀಸರು ಅವಘಡ ಎಂದು ಬರೆದುಕೊಂಡರು, ಊರೂ ಹಾಗೆಂದೇ ಹೇಳಿತು.

ಆಮೇಲಿನ ಚಳಿಗಾಲದಿಂದ ನೆಸ್ಟರನಿಗೆ ಸದ್ದು ಕೇಳಿಸತೊಡಗಿತು. ಶಾಲೆ ಬಿಡುವ ಮುಂಚೆ, ಮಟಮಟ ಮಧ್ಯಾಹ್ನ, ರಿಂಕಿನಲ್ಲಿ ಒಂದು ನರಪಿಳ್ಳೆಯೂ ಇಲ್ಲದಾಗ. ಯಂತ್ರ ನಿಲ್ಲಿಸಿದ ಕೂಡಲೇ ಗೋಡೆಯಾಚೆ ಯಾರೋ ಸ್ಕೇಟ್ ಮಾಡುವ ಸದ್ದು. ದೀರ್ಘವಾಗಿ ನಾಲ್ಕು ಎಳೆತ, ಮತ್ತೆ ಬಲಕ್ಕೆ ತಿರುವು. ಮತ್ತೆ ನಾಲ್ಕು, ಮತ್ತೆ ಬಲಕ್ಕೆ. ಮೊದಲ ಸಲ ಎದ್ದು ಹೋಗಿ ನೋಡಿದ. ಮಂಜು ಕನ್ನಡಿಯಂತಿತ್ತು, ಒಂದು ಗೀರೂ ಇರಲಿಲ್ಲ. ಸ್ಟೆಲ್ಲಾ ಕಿವಿ ತೋರಿಸಿಕೊಂಡು ಬಾ ಎಂದಳು. ಡಾಕ್ಟರು ನೋಡಿ, ಈ ವಯಸ್ಸಿಗೆ ಇಷ್ಟು ಒಳ್ಳೆಯ ಕಿವಿ ಅಪರೂಪ ಎಂದರು. ನೆಸ್ಟರ್ ನಿಜವಾಗಿ ಹೆದರಿದ್ದು ಆಗಲೇ. ಮತ್ತೆ ಎದ್ದು ಹೋಗಿ ನೋಡಲಿಲ್ಲ, ಕೇಳಿಸಿದಾಗ ಯಂತ್ರವನ್ನು ಸುಮ್ಮನೆ ಓಡಲು ಬಿಡುತ್ತಿದ್ದ. ಹೇಳಬೇಕಾದದ್ದನ್ನು ಹೇಳದೆ ಹುಡುಗನನ್ನು ಕೊಂದೆ ಎಂಬ ಲೆಕ್ಕ ಅವನ ಎದೆಯಲ್ಲಿ ಕೂತಿತ್ತು. ಗೊತ್ತಿದ್ದಿದ್ದರೆ ಡಾರ್ಸಿ ದೊಡ್ಡ ತಂಡಕ್ಕೆ ಹೋಗುತ್ತಿರಲಿಲ್ಲ, ಅಥವಾ ಹೋದರೂ ಅಷ್ಟು ಎತ್ತರದಿಂದ ಬೀಳುತ್ತಿರಲಿಲ್ಲ. ಇಪ್ಪತ್ತೊಂದು ವರ್ಷ ಇದೇ ಜಪ.

ಈಗ ಊರಿಗೆ ಕೋಲ್ಟನ್ ಮಾರ್ಟೆಲ್ ಸಿಕ್ಕಿದ್ದಾನೆ. ಹದಿನೇಳು ವರ್ಷ, ನಗರದ ಕಿರಿಯರ ತಂಡದಲ್ಲಿ ಆಡುತ್ತಾನೆ. ಜೂನ್‌ನಲ್ಲಿ ದೊಡ್ಡ ತಂಡಗಳು ಹುಡುಗರನ್ನು ಆರಿಸಿಕೊಳ್ಳುವ ದಿನ. ಡಿಸೆಂಬರಿನಲ್ಲೇ ಊರವರು ಅಲ್ಲಿಗೆ ಹೋಗಲು ಎರಡು ಬಸ್ಸು ಗೊತ್ತುಮಾಡಿದ್ದಾರೆ, ಅವನ ಸಂಖ್ಯೆಯಿರುವ ಅಂಗಿ ಹೊಲಿಸಿದ್ದಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ. ಕಾಫಿ ಮೇಜಿನ ಮುದುಕರ ಪ್ರಕಾರ ಅವನ ಹೆಸರು ಕರೆಯುವುದು ಮೊದಲ ಹತ್ತರೊಳಗೆ. ಡಾರ್ಸಿಯ ಬಗ್ಗೆಯೂ ಹೀಗೇ ಅಂದಿದ್ದಿರಲ್ಲ ಎಂದು ನೆಸ್ಟರ್ ಒಮ್ಮೆ ಬಾಯಿ ತೆರೆದಿದ್ದಕ್ಕೆ ಮೇಜಿನವರು ಗೊಬ್ಬರದ ಮಾತು ತೆಗೆದರು. ಕೋಲ್ಟನ್‌ನ ಅಪ್ಪ ಗ್ರೆಗ್ ಎದ್ದು ಕಪ್ಪು ತೊಳೆಯಲು ಹೋದ.

ಕ್ರಿಸ್‌ಮಸ್‌ಗೆ ಮನೆಗೆ ಬಂದಿದ್ದ ಹುಡುಗನಿಂದ ಇಪ್ಪತ್ತೇಳನೆಯ ತಾರೀಖು ಊರಿನ ರಿಂಕಿನಲ್ಲೇ ಒಂದು ಪ್ರದರ್ಶನ ಆಟ ಆಡಿಸುವುದೆಂದು ಗೊತ್ತಾಯಿತು. ನಗರದಲ್ಲಿ ಅವನ ತಂಡಕ್ಕೆ ಬೇರೆ ಸಾಣೆಯವರಿದ್ದಾರೆ. ಹಾಗಾಗಿ ಎರಡು ವರ್ಷದಿಂದ ಅವನ ಸ್ಕೇಟ್ಸ್ ನೆಸ್ಟರನ ಕೈಗೆ ಬಂದಿರಲಿಲ್ಲ. ಅದಕ್ಕೂ ಹಿಂದೆ ಆ ಎಡ ಅಂಚು ಅಷ್ಟಾಗಿ ಸವೆಯುತ್ತಿರಲಿಲ್ಲ, ನಿಜ. ಬೆಳೆಯುವ ಕಾಲು, ಸರಿಹೋಗುತ್ತದೆ ಎಂದು ನೆಸ್ಟರ್ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ.

ಆಟಕ್ಕೆ ಎರಡು ಗಂಟೆ ಮುಂಚೆ, ಯಾರೂ ಇಲ್ಲದ ಹೊತ್ತಿನಲ್ಲಿ, ಕೋಲ್ಟನ್ ಬಂದು ಸ್ಕೇಟ್ಸ್ ಇಟ್ಟ. ನೆಸ್ಟರ್ ಬಲದ್ದಕ್ಕೆ ಉಗುರು ಎಳೆದ, ಎರಡೂ ಅಂಚು ಮೊಂಡು. ಎಡದ ಒಳ ಅಂಚೂ ಮೊಂಡು. ಹೊರ ಅಂಚಿನ ಮೇಲೆ ಎಳೆದಾಗ ಉಗುರಿನಿಂದ ಬಿಳಿ ಹೊಟ್ಟು ಉದುರಿತು. ಯಂತ್ರ ಹಾಕಲು ಕೈ ಚಾಚಿದವನು ಹಿಂದಕ್ಕೆಳೆದುಕೊಂಡ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದ ಮಾತು ಎಲ್ಲಿಗೂ ಹೋಗುವುದಿಲ್ಲ, ಗೋಡೆಯಾಚೆ ಸುತ್ತುತ್ತಿರುತ್ತದೆ ಎಂಬುದನ್ನು ಅವನಷ್ಟು ಬಲ್ಲವರು ಯಾರು?

ಬಾಗಿಲು ತೆರೆದು ಹುಡುಗನನ್ನು ಒಳಗೆ ಕರೆದ. ಮೂವತ್ತೆಂಟು ವರ್ಷದಲ್ಲಿ ಆ ಕೋಣೆಗೆ ಯಾವ ಆಟಗಾರನೂ ಕಾಲಿಟ್ಟಿರಲಿಲ್ಲ.

"ಕೂತ್ಕೋ. ನಿನ್ನ ವರ್ಷ ಹಾಳುಮಾಡೋ ಮಾತು ಹೇಳ್ತೀನಿ. ಬೇಕಾದ್ರೆ ಆಮೇಲೆ ಬೈಯಿ."

ಕೋಲ್ಟನ್ ಸ್ಟೂಲಿನ ಮೇಲೆ ಕೂತ. ನೆಸ್ಟರ್ ಎಡ ಸ್ಕೇಟನ್ನು ತಿರುಗಿಸಿ ಹಿಡಿದು ಹೇಳಿದ, ನೀನು ಎಡಕ್ಕೆ ತಿರುಗುವುದಿಲ್ಲ. ಮಂಜಿನ ಮೇಲೆ ಅದನ್ನು ಚೆನ್ನಾಗಿ ಮುಚ್ಚಿಡುತ್ತೀಯ, ಅಗಲವಾಗಿ ಬಳಸಿ ಹೋಗುತ್ತೀಯ, ಇಲ್ಲವೇ ಎರಡೂ ಕಾಲಿನ ಮೇಲೆ ಜಾರುತ್ತೀಯ. ಮೇಲಿನವರು ಒಂದು ವಾರದಲ್ಲಿ ಕಂಡುಹಿಡಿಯುತ್ತಾರೆ. ಜೂನ್‌ನಲ್ಲಿ ನಿನ್ನ ಹೆಸರು ಕೊನೆಯಲ್ಲಿ ಬರಬಹುದು, ಬರದೆಯೂ ಇರಬಹುದು. ಬಂದರೂ ಸಣ್ಣ ತಂಡ, ಆಮೇಲೆ ಜರ್ಮನಿಯೋ ಎಲ್ಲಿಯೋ ನಾಲ್ಕಾರು ವರ್ಷದ ಆಟ. ಇಷ್ಟು ಹೇಳಿ ಸ್ಕೇಟನ್ನು ಕೆಳಗಿಟ್ಟ.

"ಅಷ್ಟೇ ಕಣೋ ಆಗೋದು. ಅದೇನೂ ಕಡಿಮೆಯಲ್ಲ."

"ನಂಗೆ ಸಾಕು, ಗೀದೋ," ಅಂದ ಕೋಲ್ಟನ್. "ಎರಡು ಬಸ್ಸಿಗೆ ಸಾಲಲ್ಲ."

ಅವನ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಆಶ್ಚರ್ಯವೂ ಇರಲಿಲ್ಲ. ನೆಸ್ಟರ್ ತಬ್ಬಿಬ್ಬಾಗಿ, ನಿನಗೆ ಅರ್ಥವಾಯಿತೇ ಎಂದು ಕೇಳಿದ. ಹುಡುಗ ಎಡಗಾಲಿನ ಬೂಟು ಬಿಚ್ಚಿ ಕಾಲುಚೀಲ ಕೆಳಗೆಳೆದ. ಒಂಬತ್ತನೆಯ ವಯಸ್ಸಿನಲ್ಲಿ ಲಾರಿಯಿಂದ ಬಿದ್ದು ಮುರಿದ ಕಣಕಾಲು, ಕೂಡಿಕೊಂಡದ್ದು ಓರೆಯಾಗಿ. ಹೊರಕ್ಕೆ ಬಾಗುವುದೇ ಇಲ್ಲ ಎಂದು ಕೈಯಿಂದ ಒತ್ತಿ ತೋರಿಸಿದ.

"ಎಂಟು ವರ್ಷದಿಂದ ಗೊತ್ತು ನಂಗೆ. ಕಾಲು ನಂದಲ್ವಾ? ಗೊತ್ತಾಗದೇ ಇರುತ್ತಾ?"

"ಮತ್ತೆ ಯಾರಿಗೂ ಹೇಳ್ಲಿಲ್ವೇನೋ?"

"ಯಾರಿಗೆ ಹೇಳ್ಲಿ? ಅಪ್ಪನ ಮುಖ ನೋಡಿದ್ದೀರಲ್ಲ. ನಾನಾಗೇ ಹೇಳೋಕೆ ಆಗಲ್ಲ. ಯಾರಾದ್ರೂ ಕಂಡುಹಿಡಿದು ಹೇಳ್ಲಿ ಅಂತ ಕಾಯ್ತಿದ್ದೆ. ಇವತ್ತು ಸ್ಕೇಟ್ಸ್ ತಂದಿದ್ದೂ ಅದಕ್ಕೇ. ಚಿಕ್ಕವನಿದ್ದಾಗ ನೀವು ಉಗುರು ಎಳೆದು ಒಂದು ಗಳಿಗೆ ನಿಲ್ತಿದ್ರಿ. ಆಗ್ಲೇ ಅಂದ್ಕೊಂಡಿದ್ದೆ, ಗೀದೋಗೆ ಗೊತ್ತಿದೆ ಅಂತ."

ನೆಸ್ಟರ್ ಯಂತ್ರದ ಅಂಚು ಹಿಡಿದುಕೊಂಡ. ಸಂಜೆಯ ಆಟವಾದ ಮೇಲೆ ಅಪ್ಪನಿಗೆ ಹೇಳುತ್ತೇನೆ, ನೀವೂ ಜೊತೆಗೆ ಬರುತ್ತೀರಾ, ಒಬ್ಬನೇ ಹೇಳಿದರೆ ನಂಬುವುದಿಲ್ಲ ಎಂದು ಹುಡುಗ ಕೇಳುತ್ತಿದ್ದ. ಬರುತ್ತೇನೆ ಎಂದು ನೆಸ್ಟರ್ ತಲೆಯಾಡಿಸಿದ. ಸಾಣೆ ಹಿಡಿದು ಸ್ಕೇಟ್ಸ್ ಕೈಗೆ ಕೊಟ್ಟ. ಕೋಲ್ಟನ್ ಬಾಗಿಲಲ್ಲಿ ನಿಂತು, ಎದೆ ಹಗುರಾಯಿತು ಎಂದು ಹೇಳಿ, ಹೇಳಿದ್ದಕ್ಕೇ ನಾಚಿಕೊಂಡು ಹೋದ.

ಜನ ಬರಲು ಶುರುವಾಗಿತ್ತು. ಹಲಗೆಯ ಮೇಲೆ ಚಿಕ್ಕ ಮಕ್ಕಳ ಸ್ಕೇಟ್ಸ್ ಬಂದು ಬೀಳುತ್ತಿದ್ದವು. ನೆಸ್ಟರ್ ಕೆಲಸದ ಹೊತ್ತಿನಲ್ಲಿ ಮೊದಲ ಸಲ ಕಿಟಕಿ ಮುಚ್ಚಿ ಚಿಲಕ ಹಾಕಿದ. ಹುಡುಗ ಬಿಟ್ಟುಹೋದ ಸ್ಟೂಲಿನ ಮೇಲೆ ಕೂತ.

ಇಪ್ಪತ್ತೊಂದು ವರ್ಷ ಅವನು ತಪ್ಪಾದ ತಪ್ಪಿಗೆ ಕೊರಗಿದ್ದ. ಡಾರ್ಸಿಗೆ ಗೊತ್ತಿಲ್ಲದ್ದನ್ನು ತಾನು ಬಚ್ಚಿಟ್ಟೆ ಎಂದುಕೊಂಡಿದ್ದ. ಕಾಲು ಅವನದು, ಡಾರ್ಸಿಗೆ ಎಲ್ಲ ಗೊತ್ತಿತ್ತು, ಹದಿನಾರರಲ್ಲೂ ಗೊತ್ತಿತ್ತು, ಲಾರಿಯ ಮೇಲೆ ಕೈಬೀಸುವಾಗಲೂ ಗೊತ್ತಿತ್ತು. ಇಡೀ ಊರಿನಲ್ಲಿ ಅದನ್ನು ಬಲ್ಲ ಇನ್ನೊಬ್ಬನ ಮುಂದೆ ಬಂದು ನಿಂತು ಅವನು ಅಂಚು ಹೇಗಿದೆ ಎಂದು ಬಾಯಿಬಿಟ್ಟು ಕೇಳಿಯೂ ಕೇಳಿದ್ದ, ಚೆನ್ನಾಗಿದೆ ಎಂದು ಇವನು ಕಳಿಸಿಬಿಟ್ಟಿದ್ದ. ಡಾರ್ಸಿ ಸತ್ತಾಗ ನೆಸ್ಟರ್ ಅತ್ತಿರಲಿಲ್ಲ. ಈಗ ಬಂದ ಅಳುವನ್ನು ಯಾರಾದರೂ ಕೇಳಿಸಿಕೊಂಡಾರೆಂದು ಯಂತ್ರ ಹಾಕಿದ, ಕಲ್ಲಿಗೆ ಏನೂ ಒಡ್ಡದೆ ಓಡಲು ಬಿಟ್ಟ. ಗೋಡೆಯಾಚೆ ಊರೆಲ್ಲ ಎದ್ದು ನಿಂತು ಕೋಲ್ಟನ್‌ನ ಹೆಸರು ಕೂಗುತ್ತಿತ್ತು.