ತೆಂಗಿನ ಗರಿಯ ಮೇಲೆ ನಿಂತ ಹೇಟೆ

ಅದು 1999ರ ಬೇಸಿಗೆ. ನಾನು ಬಿ.ಕಾಂ. ಕೊನೆಯ ಪರೀಕ್ಷೆ ಬರೆದು, ಫಲಿತಾಂಶಕ್ಕೆ ಕಾಯುತ್ತಾ ತುಮಕೂರಿನಲ್ಲಿ ಅಕ್ಕನ ಮನೆಯಲ್ಲಿದ್ದೆ. ಅಕ್ಕ, ಭಾವ ಹಿಂದಿನ ವರ್ಷವಷ್ಟೇ ಹೊಸ ಬಡಾವಣೆಯೊಂದರಲ್ಲಿ ಮನೆ ಕಟ್ಟಿಸಿಕೊಂಡಿದ್ದರು. ಮನೆಯ ಹಿಂದೆ ಒಂದಿಷ್ಟು ಜಾಗ ಉಳಿದಿತ್ತು. ಅಲ್ಲಿ ನಾಲ್ಕು ನಾಟಿ ಕೋಳಿ ಸಾಕಬೇಕು, ಮಕ್ಕಳಿಬ್ಬರಿಗೂ ಮನೆಯ ಮೊಟ್ಟೆಯನ್ನೇ ಕೊಡಬೇಕು ಎನ್ನುವುದು ಅಕ್ಕನ ಆಸೆ. ಭಾವ ಹಳೆಯ ಹಲಗೆ, ಜಾಲರಿ ಹೊಂದಿಸಿ ಗೂಡನ್ನೂ ಮಾಡಿಕೊಟ್ಟಿದ್ದರು.

ಮೊದಲ ಸಲ ಅಕ್ಕ ಪೇಟೆಯಿಂದಲೇ ಮೂರು ಹೇಟೆ ಕೋಳಿ ತಂದಳು. ಮನೆಗೆ ಬಂದ ದಿನದಿಂದಲೇ ಅವು ರೆಕ್ಕೆ ಜೋತುಹಾಕಿಕೊಂಡು, ಕಣ್ಣು ಮುಚ್ಚಿ ತೂಕಡಿಸುತ್ತಾ ಕೂತವು. ವಾರ ಕಳೆಯುವುದರೊಳಗೆ ಮೂರೂ ಸತ್ತವು. ಮಕ್ಕಳು ಅತ್ತರು. ಅಕ್ಕನಿಗೆ ಬಂದದ್ದು ಸಿಟ್ಟು.

ಎದುರುಮನೆಯ ಟೀಚರ್ ಸಮಾಧಾನ ಹೇಳಿದರು. "ಹಟ್ಟೀಲಿ ಒಂದು ಕೋಳಿಗೆ ರೋಗ ಬಂತು ಅಂದ್ರೆ ಉಳಿದಿದ್ದನ್ನೆಲ್ಲ ಹೊತ್ಕೊಂಡ್ ಬಂದು ಮಾರ್ಬಿಡ್ತಾರೆ ಕಣ್ರೀ. ಪೇಟೇಲಿ ತಗೋಬಾರ್ದು. ಅವು ಬೆಳೆದಿರೋ ಹಿತ್ತಿಲಿಗೇ ಹೋಗಿ ನೋಡ್ಬೇಕು. ಸ್ವಲ್ಪ ಓಡಿಸ್ಬೇಕು. ಸುಮ್ನೆ ಕೈಗೆ ಸಿಗೋ ಕೋಳಿ ಬೇಡವೇ ಬೇಡ." ಅವರ ತವರು ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದ ಹತ್ತಿರದ ಒಂದು ಹಳ್ಳಿ. ಅಲ್ಲಿ ಪುಟ್ಟಮ್ಮ ಎನ್ನುವವರ ಮನೆಯಲ್ಲಿ ಮೊಟ್ಟೆಗೆ ಬರುವ ಎಳೆಯ ಹೇಟೆಗಳಿವೆ, ನನ್ನ ಹೆಸರು ಹೇಳಿ ಎಂದರು.

ಮಕ್ಕಳನ್ನು ಟೀಚರ್ ಮನೆಯಲ್ಲೇ ಬಿಟ್ಟು ನಾವಿಬ್ಬರೂ ಹೊರಟೆವು. ಗುಬ್ಬಿಯಲ್ಲಿ ಬಸ್ಸು ಬದಲಿಸಿ, ಸಿ.ಎಸ್. ಪುರದಲ್ಲಿ ಇಳಿದು, ಬಿಸಿಲಲ್ಲಿ ನಡೆದು ಪುಟ್ಟಮ್ಮನ ಮನೆ ಸೇರುವ ಹೊತ್ತಿಗೆ ಮಧ್ಯಾಹ್ನ ಜಾರಿತ್ತು. ನಾಲ್ಕು ಗಂಟೆಗೆ ವಾಪಸ್ ಬಸ್ಸು. ಅದು ತಪ್ಪಿದರೆ ಅವತ್ತಿಗೆ ಇನ್ನೊಂದಿರಲಿಲ್ಲ.

ಪುಟ್ಟಮ್ಮನಿಗೆ ನಲವತ್ತರ ಮೇಲೆ ವಯಸ್ಸು. ಟೀಚರ್ ಹೆಸರು ಹೇಳಿದ್ದೇ ತಡ, ಮಜ್ಜಿಗೆ ತಂದುಕೊಟ್ಟು ಜಗಲಿಯ ಮೇಲೆ ಕೂರಿಸಿ, ಮಕ್ಕಳೆಷ್ಟು ಎಂದು ಅಕ್ಕನನ್ನು ವಿಚಾರಿಸಿಕೊಂಡರು. ಕೋಳಿ ವಿಷಯ ಎತ್ತಿದಾಗ ಮಾತ್ರ ತಲೆ ಅಲ್ಲಾಡಿಸಿದರು.

"ಈಗ ಎಲ್ಲಾ ಮೇಯಕ್ಕೋಗವೆ ಕಣವ್ವಾ. ಹೊತ್ತು ಮುಳುಗ್ಲಿ ಬುಡಿ, ಗೂಡು ಸೇರ್ಕತವೆ. ಆಗ ಬದ್ನೆಕಾಯಿ ಕಿತ್ತಂಗೆ ಒಂದೊಂದೇ ಎತ್ಕೊಡ್ತೀನಿ."

"ಹೊತ್ತು ಮುಳುಗೋವರ್ಗೂ ಕೂತ್ರೆ ಬಸ್ಸು ನಿಮ್ಮನೆ ಬಾಗ್ಲಿಗೆ ಬರುತ್ತಾ?" ಎಂದಳು ಅಕ್ಕ.

"ಬರ್ದಿದ್ರೆ ಇಲ್ಲೇ ಉಂಡ್ಬುಟ್ಟು ಮಲಿಕ್ಕಳಿ. ಟೌನ್‌ನೋರ್ಗೆ ಮುದ್ದೆ ಸೇರಕಿಲ್ವಾ?"

"ಮುದ್ದೆ ತಿಂದೇ ಹಿಂಗಾಗಿರೋದು ನಾನು," ಎಂದು ಅಕ್ಕ ತನ್ನ ದಪ್ಪ ಸೊಂಟ ತೋರಿಸಿದಳು. ಮೂವರೂ ನಕ್ಕೆವು. ಆ ನಗುವಿನಲ್ಲೇ ಪುಟ್ಟಮ್ಮ ಒಪ್ಪಿಕೊಂಡು ಎದ್ದರು.

ಹಿತ್ತಿಲಿನಲ್ಲಿ ನುಚ್ಚು ಚೆಲ್ಲಿ "ಬೊ ಬೊ ಬೊ" ಎಂದು ಕರೆದದ್ದಕ್ಕೆ ಕೋಳಿಗಳು ಎಲ್ಲೆಲ್ಲಿಂದಲೋ ಓಡಿಬಂದವು. ಪುಟ್ಟಮ್ಮ ಬಿದಿರಿನ ಮಂಕರಿ ಕವುಚಿ ಮೂರನ್ನು ಹಿಡಿದರು. ಅಕ್ಕ ಒಂದೊಂದನ್ನೂ ಎತ್ತಿ ಪರೀಕ್ಷೆ ಮಾಡಿದಳು. ಕಣ್ಣು ಹೊಳೆಯುತ್ತಿದೆಯೇ, ಮೂಗು ಸೋರುತ್ತಿದೆಯೇ, ಬಾಲದ ಕೆಳಗೆ ಹಿಕ್ಕೆ ಅಂಟಿದೆಯೇ, ಎದೆಯಲ್ಲಿ ಮೂಳೆ ಚುಚ್ಚುತ್ತಿದೆಯೇ. ಮೂರೂ ಪಾಸಾದವು. ನಾಲ್ಕನೆಯದಾಗಿ ಕೈಗೆ ಬಂದ ಹೇಟೆ ಸುಮ್ಮನೆ ಕೂತಿತ್ತು ಎನ್ನುವ ಕಾರಣಕ್ಕೇ ಅಕ್ಕ ಬೇಡವೆಂದಳು. ಅವಳ ಕಣ್ಣು ದೂರದಲ್ಲಿ ನಿಂತು ನಮ್ಮನ್ನೇ ನೋಡುತ್ತಿದ್ದ ಒಂದು ಕಪ್ಪು ಚುಕ್ಕಿಯ ಹೇಟೆಯ ಮೇಲೆ ಬಿದ್ದಿತ್ತು.

"ಅದಾ? ಅದು ಮಾ ಕಳ್ಳಿ. ನನ್ ಕೈಗೇ ಸಿಗಕಿಲ್ಲ," ಎಂದರು ಪುಟ್ಟಮ್ಮ.

"ಹಂಗಾದ್ರೆ ಅದೇ ಬೇಕು."

ಪುಟ್ಟಮ್ಮ ನಮಗೆ ಬೆನ್ನು ಹಾಕಿ ಕೂತು, ಹಿಡಿದಿದ್ದ ಕೋಳಿಗಳ ಕಾಲಿಗೆ ಬಾಳೆನಾರು ಕಟ್ಟತೊಡಗಿದರು. ಅಕ್ಕ ಸೀರೆ ಎತ್ತಿ ಸಿಕ್ಕಿಸಿಕೊಂಡು ಆ ಹೇಟೆಯ ಹಿಂದೆ ಹೊರಟಳು. ಅದು ಹುಲ್ಲಿನ ಬಣವೆಯನ್ನು ಒಂದು ಸುತ್ತು ಹಾಕಿಸಿತು. ನಾನು ನಗುತ್ತಾ ಹಿಂದೆ ಹೋದೆ. ಬಣವೆಯಾಚೆ ಒಣಗಿದ ತೆಂಗಿನ ಗರಿಗಳನ್ನು ನೆಲದ ಮೇಲೆ ಅಗಲಕ್ಕೆ ಹರಡಿದಂತಿತ್ತು. ಆ ಕಡೆಯ ಹಿತ್ತಿಲುಗಳಲ್ಲಿ ಗರಿ ಬಿದ್ದಿರುವುದು ಯಾರ ಕಣ್ಣಿಗೂ ವಿಶೇಷವಲ್ಲ. ಹೇಟೆ ಓಡಿಹೋಗಿ ಗರಿಗಳ ನಡುವೆ ನಿಂತು ಕತ್ತು ಓರೆಮಾಡಿ ನೋಡಿತು. ಅಕ್ಕ ಸೆರಗನ್ನು ಎರಡೂ ಕೈಯಲ್ಲಿ ಬಲೆಯಂತೆ ಹಿಡಿದು ಬಗ್ಗಿ ಬಗ್ಗಿ ಹೆಜ್ಜೆ ಇಟ್ಟಳು.

ಹಿಂದಿನಿಂದ ಪುಟ್ಟಮ್ಮನ ಕೂಗು ಕೇಳಿತು. "ಅಯ್ಯಯ್ಯೋ, ಅಲ್ಲಿಗೋಗ್ಬ್ಯಾಡಿ! ಬಾವಿ! ಬಾವಿ ಅದು!"

ಲಟ್ ಎಂದು ಏನೋ ಮುರಿಯಿತು. ಅಕ್ಕ ಕೂಗಲಿಲ್ಲ. ಎದೆಯವರೆಗೆ ನೆಲದೊಳಗೆ ಇಳಿದುಬಿಟ್ಟಳು, ಅಷ್ಟೇ. ಹೇಟೆ ಹಾರಿ ಆಚೆ ಹೋಯಿತು. ಮುರಿದ ಗರಿ, ಧೂಳು ಕೆಳಗೆ ಉದುರುವ ಸದ್ದು ಬಹಳ ಹೊತ್ತು ಕೇಳಿತು. ಎಷ್ಟು ಆಳವಿರಬಹುದು ಎನ್ನುವುದು ನನಗೆ ತಿಳಿದದ್ದು ಆ ಸದ್ದಿನಿಂದ.

ಬೋರ್‌ವೆಲ್ ಕೊರೆಸಿದ ಮೇಲೆ ಆ ಬಾವಿ ಬತ್ತಿಹೋಗಿತ್ತಂತೆ. ಕೋಳಿ, ಮೇಕೆ ಬೀಳದಿರಲೆಂದು ಬಾಯಿಗೆ ಎರಡು ತೆಂಗಿನ ತೊಲೆ ಅಡ್ಡ ಹಾಕಿ, ಮೇಲೆ ಗರಿ ಮುಚ್ಚಿ ಬಿಟ್ಟಿದ್ದರು. ಮನೆಯವರು ಯಾರೂ ಆ ಕಡೆ ಕಾಲಿಡುತ್ತಿರಲಿಲ್ಲ. ಒಂದು ತೊಲೆ ಮುರಿದು ಒಳಗೆ ಹೋಗಿತ್ತು. ಅಕ್ಕ ಇನ್ನೊಂದನ್ನು ಎರಡು ಕಂಕುಳಲ್ಲೂ ಅವುಚಿಕೊಂಡು ನೇತಾಡುತ್ತಿದ್ದಳು.

ನಾನು ಓಡಿದೆ. "ದಡದ ಮೇಲೆ ನಿಂತ್ಕಬ್ಯಾಡವ್ವಾ, ಮಲಿಕೋ, ಮಲಿಕೋ!" ಎಂದು ಪುಟ್ಟಮ್ಮ ಕೂಗಿದರು. ಹೊಟ್ಟೆಯ ಮೇಲೆ ಮಲಗಿ ತೆವಳಿದೆ. ಅಕ್ಕನ ಕಡೆ ಕೈ ಚಾಚಿದರೆ ಎಟುಕಲಿಲ್ಲ. ಹತ್ತಿರವಿದ್ದ ಗರಿಯನ್ನು ಸರಿಸಿದಾಗ ತೊಲೆಯ ತುದಿ ಕಂಡಿತು. ಅದು ಗೆದ್ದಲು ತಿಂದು ಹುಡಿಯಾಗಿತ್ತು. ದಡದ ಮಣ್ಣಿನ ಮೇಲೆ ಬರೀ ನಾಲ್ಕು ಬೆರಳಿನಷ್ಟು ಕೂತಿತ್ತು. ಆಚೆಯ ದಡ ಕುಸಿದು ತಗ್ಗಾಗಿದ್ದರಿಂದ ತೊಲೆ ಇಡಿಯಾಗಿ ಆ ಕಡೆಗೇ ಜಾರುತ್ತಿತ್ತು. ಅಕ್ಕ ಕಾಲು ಒದ್ದು ಮೇಲೆ ಬರಲು ನೋಡಿದಳು. ನನ್ನ ಕಣ್ಣೆದುರಿಗೇ ನಾಲ್ಕು ಬೆರಳು ಮೂರಾಯಿತು.

"ಅಲ್ಲಾಡ್ಬೇಡ!" ಎಂದು ಕಿರುಚಿದೆ.

"ಅಲ್ಲಾಡ್ದೆ ಹೆಂಗೆ ಮೇಲೆ ಬರ್ಲಿ ಕಣೇ? ಕೈ ಕೊಡು!"

"ಅಲ್ಲಾಡ್ಬೇಡ ಅಂದ್ನಲ್ಲಾ!"

ಅವಳ ಮುಖ ತೊಲೆಗೆ ಒತ್ತಿಕೊಂಡಿತ್ತು. ಈ ತುದಿ ಅವಳಿಗೆ ಕಾಣುವಂತಿರಲಿಲ್ಲ, ನಡುವೆ ಗರಿಗಳಿದ್ದವು. ಪಕ್ಕಕ್ಕೆ ತೆವಳಿ ಬಂದ ಪುಟ್ಟಮ್ಮ ಅದನ್ನು ನೋಡಿದರು. ನನ್ನ ಮುಖ ನೋಡಿದರು. ತುಟಿಯ ಮೇಲೆ ಬೆರಳಿಟ್ಟರು. ನಂತರ ನನ್ನ ಎರಡು ಕೈಯನ್ನೂ ತೊಲೆಯ ಸುತ್ತ ಹಿಡಿಸಿ, ನನ್ನ ಕಾಲನ್ನು ಹಳೆಯ ರಾಟೆ ಕಂಬದ ಮುರಿದುಳಿದ ಬುಡಕ್ಕೆ ಊರಿಸಿ, ಎದ್ದು ಓಡಿದರು. ಓಡುತ್ತಲೇ ಗಂಡನನ್ನು ಕೂಗುತ್ತಿದ್ದರು.

ಅವರು ಹೋಗಿ ಬರಲು ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಆ ಹೊತ್ತು ಮಾತ್ರ ನನ್ನೊಳಗೆ ಇನ್ನೂ ಮುಗಿದಿಲ್ಲ. ತೊಲೆ ನನ್ನ ಕೈಯಲ್ಲಿ ಜೀವವಿದ್ದಂತೆ ನಡುಗುತ್ತಿತ್ತು. ಅಕ್ಕ ಉಸಿರೆಳೆದುಕೊಂಡರೂ ನನಗೆ ತಿಳಿಯುತ್ತಿತ್ತು. ಎಳೆದು ಹಿಡಿದಷ್ಟೂ ಗೆದ್ದಲು ತಿಂದ ಮರ ಬೆರಳ ಸಂದಿಯಲ್ಲಿ ಹುಡಿಹುಡಿಯಾಗಿ ಉದುರುತ್ತಿತ್ತು.

"ಲತಾ, ಕೈ ಜೋಮು ಹಿಡೀತಿದೆ ಕಣೇ," ಎಂದಳು ಅಕ್ಕ. ಅವಳ ದನಿ ಬೇರೆಯಾಗಿತ್ತು. "ನಂಗೇನಾದ್ರೂ ಆದ್ರೆ ಮಕ್ಳು..."

"ಮುಚ್ಚು ಬಾಯಿ. ಮಾತಾಡ್ಬೇಡ." ಅಕ್ಕನಿಗೆ ನಾನು ಹಾಗೆ ಎಂದೂ ಅಂದಿರಲಿಲ್ಲ. ಮಾತಾಡಿದರೂ ತೊಲೆ ಅಲುಗುತ್ತಿತ್ತು.

"ತೊಲೆ ಗಟ್ಟಿ ಇದ್ಯಾ?"

"ಗಟ್ಟಿ ಇದೆ. ಕಲ್ಲಿದ್ದಂಗಿದೆ," ಎಂದೆ.

ಪುಟ್ಟಮ್ಮ ದನ ಕಟ್ಟುವ ಹಗ್ಗವನ್ನೂ, ಕಾಯಿ ಕೀಳುವ ಬಿದಿರ ದೋಟಿಯನ್ನೂ ತಂದರು. ಹಗ್ಗದ ಒಂದು ತುದಿಯನ್ನು ಹತ್ತಿರದ ತೆಂಗಿನಮರಕ್ಕೆ ಬಿಗಿದರು. ಇನ್ನೊಂದು ತುದಿಗೆ ದೊಡ್ಡ ಕುಣಿಕೆ ಮಾಡಿ, ದೋಟಿಯ ಕೊಕ್ಕೆಗೆ ಸಿಕ್ಕಿಸಿ, ಮಲಗಿಕೊಂಡು ಅಕ್ಕನ ಕಡೆಗೆ ಚಾಚಿದರು. ಎರಡು ಸಲ ಕುಣಿಕೆ ಕಳಚಿ ಬಿತ್ತು. ಮೂರನೆಯ ಸಲ ಅಕ್ಕನ ತಲೆಯ ಮೇಲಿಂದ ಕೊರಳಿಗೆ ಇಳಿಯಿತು. ಇನ್ನು ಅಕ್ಕ ಒಂದೊಂದೇ ಕೈ ತೆಗೆದು ಅದರೊಳಗೆ ತೂರಿಸಬೇಕಿತ್ತು. ಇಲ್ಲದಿದ್ದರೆ ಆ ಹಗ್ಗವೇ ಅವಳಿಗೆ ನೇಣು.

"ನಂಗಾಗಲ್ಲ. ಕೈ ಬಿಟ್ರೆ ಹೋಗ್ಬಿಡ್ತೀನಿ," ಎಂದು ಅಕ್ಕ ಅಳತೊಡಗಿದಳು. ಅಳುವಿಗೆ ಅವಳ ಮೈ ಕುಲುಕಿತು. ತೊಲೆ ಇನ್ನಷ್ಟು ಜಾರಿತು. ನನ್ನ ಬೆರಳಿನ ಕೆಳಗೆ ದಡ ಮುಗಿಯುತ್ತಿರುವುದು ತಿಳಿಯುತ್ತಿತ್ತು.

ಅಲ್ಲಿಯವರೆಗೆ ಅಕ್ಕನಿಗೆ 'ನೀವು', 'ಬನ್ನಿ' ಎನ್ನುತ್ತಿದ್ದ ಪುಟ್ಟಮ್ಮ ಒಮ್ಮೆಲೇ ಗದರಿದರು. "ಏನೇ, ಎರಡು ಹೆತ್ತೋಳು ನೀನು! ಒಂದು ಕೈ ಎತ್ತಕ್ಕೆ ಹಿಂಗ್ ಅಳ್ತಾ ಇದೀಯಲ್ಲ, ನಾಚ್ಕೆ ಆಗಕಿಲ್ವಾ? ಕೋಳಿ ಹಿಡಿಯಕ್ಕೆ ಬಂದ್ಬುಟ್ಳು! ಎತ್ತೇ ಬಲಗೈಯ! ಎತ್ತು ಅಂದ್ರೆ ಎತ್ತು!"

ಅಕ್ಕ ಎತ್ತಿದಳು. ಭಯಕ್ಕೋ, ಬೈಗುಳದ ಅವಮಾನಕ್ಕೋ, ಬಲಗೈ ಎತ್ತಿ ಕುಣಿಕೆಯೊಳಗೆ ತೂರಿಸಿ ಮತ್ತೆ ತೊಲೆ ಹಿಡಿದಳು. "ಇನ್ನೊಂದು! ಹಾ, ನನ್ ತಾಯಿ, ಹಂಗೇ." ಎಡಗೈಯೂ ಬಂತು. ಪುಟ್ಟಮ್ಮ ಹಗ್ಗ ಜಗ್ಗಿದಾಗ ಕುಣಿಕೆ ಅಕ್ಕನ ಕಂಕುಳ ಕೆಳಗೆ ಬಿಗಿದುಕೊಂಡಿತು. ಸಡಿಲವಿದ್ದ ಹಗ್ಗವನ್ನೆಲ್ಲ ಅವರು ಮರಕ್ಕೆ ಸುತ್ತಿದರು. ಆದರೂ ನಾನು ತೊಲೆ ಬಿಡಲಿಲ್ಲ. ಬಿಡಲು ಕೈ ಕೇಳಲಿಲ್ಲ.

ಅಷ್ಟರಲ್ಲಿ ಪುಟ್ಟಮ್ಮನ ಗಂಡ ರಾಮಣ್ಣ ತೋಟದಿಂದ ಇಬ್ಬರನ್ನು ಕರೆದುಕೊಂಡು ಓಡಿಬಂದರು. ಮೂವರು ಗಂಡಸರು, ಪುಟ್ಟಮ್ಮ ಸೇರಿ ಎಳೆದರು. ಅಕ್ಕ ಸೀರೆಯೆಲ್ಲ ಹರಿದು, ಮೊಣಕೈ ತರಚಿ, ಮಣ್ಣು ಮೆತ್ತಿಕೊಂಡು ದಡಕ್ಕೆ ಬಂದು ಬಿದ್ದಳು. ಸ್ವಲ್ಪ ಹೊತ್ತು ಹಾಗೆಯೇ ನೆಲಕ್ಕೆ ಕೆನ್ನೆಯಿಟ್ಟು ಮಲಗಿದ್ದು, ತಲೆಯೆತ್ತಿ ಕೇಳಿದಳು. "ಆ ಕೋಳಿ ಎಲ್ಲೋಯ್ತು?"

ಪುಟ್ಟಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಾ ಅಳುತ್ತಾ ಅವಳನ್ನು ತಬ್ಬಿಕೊಂಡು ಒಳಗೆ ಕರೆದೊಯ್ದರು.

ನಾನು ಅಲ್ಲೇ ಕೂತಿದ್ದೆ. ರಾಮಣ್ಣ ಬಂದು ನನ್ನ ಬೆರಳುಗಳನ್ನು ಮೆಲ್ಲಗೆ ಬಿಡಿಸಿದರು. ತೊಲೆಯನ್ನು ಕಾಲಿನ ಹೆಬ್ಬೆರಳಿನಿಂದ ಸುಮ್ಮನೆ ತಾಕಿದರು. ನೂಕಲೂ ಇಲ್ಲ. ಅದು ಜಾರಿ ಮರೆಯಾಯಿತು. ನಾವಿಬ್ಬರೂ ಕಾದೆವು. ಬಹಳ ಕೆಳಗೆ ಎಲ್ಲೋ ಕಲ್ಲಿಗೆ ಬಡಿದ ಸದ್ದು ಬಂತು.

ರಾಮಣ್ಣನ ಮುಖ ಬಿಳುಚಿಕೊಂಡಿತ್ತು. "ನಿಮ್ಮಕ್ಕಂಗೆ ಹೇಳ್ಬ್ಯಾಡ ಕಣವ್ವಾ," ಎಂದರು. "ನಾಳೀಕೆ ಟ್ರಾಕ್ಟರ್‌ನಾಗೆ ಮಣ್ಣು ತಂದು ಮುಚ್ಚಿಸ್ಬುಡ್ತೀನಿ ಇದ್ನ."

ಮುಚ್ಚಿಸಿದರು ಎಂದು ಆಮೇಲೆ ಟೀಚರಿಂದ ತಿಳಿಯಿತು. ಅವತ್ತು ಯಾರದೋ ಟೆಂಪೋದಲ್ಲಿ ನಮ್ಮನ್ನು ಗುಬ್ಬಿಯವರೆಗೆ ಬಿಟ್ಟರು. ಮಂಕರಿಯಲ್ಲಿ ನಾಲ್ಕು ಹೇಟೆಗಳಿದ್ದವು. ಕಪ್ಪು ಚುಕ್ಕಿಯದೂ ಇತ್ತು. ಯಾರು, ಹೇಗೆ ಹಿಡಿದರೋ ನಾನು ಕೇಳಲಿಲ್ಲ. ನಾಲ್ಕೂ ಚೆನ್ನಾಗಿ ಬೆಳೆದವು, ಆಮೇಲೆ ಒಂದು ಹುಂಜವೂ ಬಂತು, ಹೇಟೆಗಳು ಕಾವಿಗೆ ಕೂತವು, ಅಕ್ಕನ ಹಿತ್ತಿಲು ತುಂಬಿತು.

ಬಂದವರಿಗೆಲ್ಲ ಅಕ್ಕ ಈ ಕಥೆಯನ್ನು ನಗೆಯ ಕಥೆಯಾಗಿ ಹೇಳುತ್ತಾಳೆ. ಪುಟ್ಟಮ್ಮ ಬೈದದ್ದನ್ನು ಅವರದೇ ದನಿಯಲ್ಲಿ ಆಡಿ ತೋರಿಸುತ್ತಾಳೆ. ಕೇಳುವವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಕೊನೆಗೆ ಅವಳು, "ಏನೇ ಅನ್ನಿ, ಆ ಹಳೇ ಕಾಲದ ತೊಲೆ ಗಟ್ಟಿ ಇತ್ತು ನೋಡಿ, ನಾನು ಉಳ್ಕೊಂಡೆ," ಎನ್ನುತ್ತಾಳೆ.

ಅವಳನ್ನು ತಿದ್ದಬೇಕೆಂದು ನನಗೆ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಅನ್ನಿಸಿಲ್ಲ. ಅವಳು ಬದುಕಿರುವುದೇ ಆ ಮಾತಿನ ಮೇಲೆ ಎನ್ನುವಂತೆ ಭಯವಾಗುತ್ತದೆ. ಅವಳು ಕಥೆ ಶುರುಮಾಡಿದ ಕೂಡಲೇ ಕಾಫಿ ಮಾಡುವ ನೆಪ ಹೇಳಿ ಎದ್ದು ಹೋಗುತ್ತೇನೆ. ಹೊರಗೆ ನಗು ಮುಗಿಯುವವರೆಗೂ ಅಡುಗೆಮನೆಯ ಕಟ್ಟೆಯ ಅಂಚನ್ನು ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದುಕೊಂಡು ನಿಂತಿರುತ್ತೇನೆ.